ನೆರೆ ದೇಶಗಳ ಫುಟ್ಸಾಲ್ ಟೂರ್ನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಫುಟ್ಸಾಲ್ ಅಂದರೆ ಒಳಾಂಗಣದಲ್ಲಿ ಐದೈದು ಜನರ ತಂಡಗಳು ಆಡುವ ಫುಟ್‌ಬಾಲ್. ಅಕ್ಕಪಕ್ಕದ ದೇಶಗಳ ರಾಷ್ಟ್ರೀಯ ತಂಡಗಳು ಒಂದೇ ಊರಲ್ಲಿ, ಹೆಚ್ಚಾಗಿ ಒಂದೇ ಒಳಾಂಗಣದಲ್ಲಿ, ವಾರ ಹತ್ತು ದಿನ ಸೆಣಸುವ ಕೂಟಗಳ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ನೋಡಲು ಹೋಗುವವರಿಗೂ ತಂಡದ ಜೊತೆ ಹೋಗುವವರಿಗೂ ಕೂಟ ನಡೆಸುವವರಿಗೂ ಸೇರಿಸಿಯೇ ಬರೆದಿದ್ದೇವೆ. ಈ ಟೂರ್ನಿಗಳಲ್ಲಿ ಜಗಳ ಹುಟ್ಟುವುದು ಬಹುಪಾಲು ಚೆಂಡಿನ ಹತ್ತಿರ ಅಲ್ಲ. ಟೈಮ್‌ಕೀಪರ್ ಮೇಜಿನ ಹತ್ತಿರ, ಇಲ್ಲವೇ ಯಾರೂ ಪೂರ್ತಿ ಓದದ ಟೂರ್ನಿ ನಿಯಮಾವಳಿಯಲ್ಲಿ. ಹಾಗಾಗಿ ಆ ಎರಡಕ್ಕೂ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ಇಂಥ ಟೂರ್ನಿಗಳು ಎಲ್ಲೆಲ್ಲಿ ನಡೆಯುತ್ತವೆ?

ಆಗ್ನೇಯ ಏಷ್ಯಾದ ಆಸಿಯಾನ್ ಫುಟ್ಸಾಲ್ ಚಾಂಪಿಯನ್‌ಷಿಪ್ ಇವುಗಳಲ್ಲಿ ಚೆನ್ನಾಗಿ ಬೇರೂರಿದ್ದು. 2001ರಲ್ಲಿ ಮಲೇಷ್ಯಾದಲ್ಲಿ ಶುರುವಾಯಿತು. ಬಹಳ ಕಾಲ ಅದು ಥಾಯ್ಲೆಂಡ್‌ನ ಮನೆ ಆಸ್ತಿಯಂತೆಯೇ ಇತ್ತು. 2010ರಲ್ಲಿ ಥಾಯ್ಲೆಂಡ್ ಆಡದಿದ್ದಾಗ ಇಂಡೊನೇಷ್ಯಾ ಮೊದಲ ಸಲ ಗೆದ್ದಿತು. 2024ರಲ್ಲಿ ಥಾಯ್ಲೆಂಡ್‌ನದೇ ನಖೊನ್ ರಾಚಸೀಮಾದಲ್ಲಿ ಫೈನಲ್‌ನಲ್ಲಿ ವಿಯೆಟ್ನಾಂ ತಂಡವನ್ನು ಸೋಲಿಸಿ ಮತ್ತೆ ಗೆದ್ದಿತು. ಉತ್ತರ ಯುರೋಪಿನಲ್ಲಿ ನಾರ್ಡಿಕ್ ಫುಟ್ಸಾಲ್ ಕಪ್ ಇದೆ: ಫಿನ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ನಾರ್ವೆ. ಫಿಫಾ ಸದಸ್ಯತ್ವ ಇಲ್ಲದ ಗ್ರೀನ್‌ಲೆಂಡ್ ಕೂಡ ಅಲ್ಲಿ ಆಡಿದೆ. ನೆರೆಯವರ ಕೂಟದ ಸೊಗಸು ಇದೇ, ದೊಡ್ಡ ಬಾಗಿಲಲ್ಲಿ ಒಳಗೆ ಬಿಡದವರಿಗೂ ಇಲ್ಲಿ ಜಾಗ ಸಿಗುತ್ತದೆ. ದಕ್ಷಿಣ ಅಮೆರಿಕದ ಕೋಪಾ ಅಮೆರಿಕ ಫುಟ್ಸಾಲ್ ಹೆಸರಿಗೆ ಖಂಡದ ಕೂಟ. ಆದರೆ ಬ್ರೆಜಿಲ್ ಮತ್ತು ಅರ್ಜೆಂಟೀನಾ ಎದುರಾದರೆ ಅದೂ ನೆರೆಮನೆ ಜಗಳವೇ. 2024ರಲ್ಲಿ ಉಜ್ಬೇಕಿಸ್ತಾನದಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಎದುರಾದದ್ದೂ ಅದೇ ಇಬ್ಬರು, ಬ್ರೆಜಿಲ್ 2–1ರಿಂದ ಗೆದ್ದಿತು.

ಇಲ್ಲಿ ಗೆದ್ದವರು ವಿಶ್ವಕಪ್‌ಗೆ ಹೋಗುತ್ತಾರೆಯೆ?

ನೇರವಾಗಿ ಹೋಗುವುದಿಲ್ಲ. ವಿಶ್ವಕಪ್‌ನ 24 ಸ್ಥಾನಗಳು ಖಂಡವಾರು ಹಂಚಿಕೆಯಾಗುತ್ತವೆ. ಕೆಲವು ಸಲ ಪ್ರಾದೇಶಿಕ ಕೂಟವನ್ನೇ ಖಂಡದ ಕೂಟಕ್ಕೆ ಅರ್ಹತಾ ಸುತ್ತು ಮಾಡುತ್ತಾರೆ. ಆಗ್ನೇಯ ಏಷ್ಯಾದ 2019ರ ಕೂಟ 2020ರ ಏಷ್ಯಾ ಚಾಂಪಿಯನ್‌ಷಿಪ್‌ಗೆ ಮೆಟ್ಟಿಲಾಗಿತ್ತು. ಆಮೇಲೆ ಕೋವಿಡ್ ಬಂದು ತುರ್ಕಮೆನಿಸ್ತಾನದಲ್ಲಿ ಆಗಬೇಕಿದ್ದ ಆ ಚಾಂಪಿಯನ್‌ಷಿಪ್ಪೇ ರದ್ದಾಯಿತು, ಅರ್ಹತೆ ಗಳಿಸಿದವರ ಕೈಯಲ್ಲಿ ಟಿಕೆಟ್ ಮಾತ್ರ ಉಳಿಯಿತು.

ಹಾಗಾದರೆ ಲಾಭ ಏನು? ಫಿಫಾ 2024ರ ಮೇ ತಿಂಗಳಿಂದ ಫುಟ್ಸಾಲ್‌ಗೂ ರ‍್ಯಾಂಕಿಂಗ್ ಪ್ರಕಟಿಸುತ್ತಿದೆ. ವರ್ಷಕ್ಕೆ ನಾಲ್ಕೈದು ಅಂತರರಾಷ್ಟ್ರೀಯ ಪಂದ್ಯವೂ ಸಿಗದ ತಂಡಕ್ಕೆ ಒಂದೇ ವಾರದಲ್ಲಿ ಅಷ್ಟು ಪಂದ್ಯ ಸಿಗುವುದೇ ದೊಡ್ಡದು.

ಫುಟ್‌ಬಾಲ್ ಚೆನ್ನಾಗಿ ಗೊತ್ತು. ಫುಟ್ಸಾಲ್ ನೋಡಲು ಹೊಸದಾಗಿ ಏನು ಕಲಿಯಬೇಕು?

ಗೋಲ್‌ಕೀಪರ್ ಸೇರಿ ಐವರು. ಆಫ್‌ಸೈಡ್ ಇಲ್ಲ. ಚೆಂಡು ಬದಿಗೆರೆ ದಾಟಿದರೆ ಕೈಯಿಂದ ಎಸೆಯುವಂತಿಲ್ಲ, ಗೆರೆಯ ಮೇಲಿಟ್ಟು ಒದೆಯಬೇಕು. ಅದೇ ಕಿಕ್-ಇನ್, ಅದರಿಂದ ನೇರ ಗೋಲು ಇಲ್ಲ. ಗೋಲ್‌ಕಿಕ್ ಬದಲು ಕೀಪರ್ ಕೈಯಿಂದ ಎಸೆಯುತ್ತಾನೆ. ಬದಲಿ ಆಟಗಾರರು ಒಂಬತ್ತು ಜನರವರೆಗೆ. ಎಷ್ಟು ಸಲ ಬೇಕಾದರೂ, ಆಟ ನಡೆಯುತ್ತಿರುವಾಗಲೇ, ರೆಫರಿಯನ್ನು ಕೇಳದೆ ಒಳಗೆ ಹೊರಗೆ ಆಗಬಹುದು. ಮೂವರಿಗಿಂತ ಕಡಿಮೆ ಆಟಗಾರರಿದ್ದರೆ ಪಂದ್ಯ ಶುರುವೂ ಆಗುವುದಿಲ್ಲ, ಮುಂದುವರಿಯುವುದೂ ಇಲ್ಲ.

ಬದಲಾವಣೆ ಸುಲಭ ಅನಿಸಿದರೂ ಹೊಸ ತಂಡಗಳು ಎಡವುವುದು ಅಲ್ಲೇ. ಬೆಂಚಿನ ಮುಂದೆ 5 ಮೀಟರ್ ಉದ್ದದ ವಲಯ ಗುರುತಿಸಿರುತ್ತಾರೆ. ಹೊರಬರುವವನು ಅಲ್ಲಿಂದಲೇ ಬರಬೇಕು, ಒಳಹೋಗುವವನು ತಾನು ತೊಟ್ಟ ಬಿಬ್ (ಬದಲಿ ಆಟಗಾರರು ಅಂಗಿಯ ಮೇಲೆ ತೊಡುವ ತೋಳಿಲ್ಲದ ಹೊದಿಕೆ) ತೆಗೆದು ಅವನ ಕೈಗೆ ಕೊಟ್ಟ ಮೇಲೆ ಅಲ್ಲಿಂದಲೇ ಹೋಗಬೇಕು. ಆತುರದಲ್ಲಿ ಒಬ್ಬ ಅರ್ಧ ಹೆಜ್ಜೆ ಮುಂಚೆ ಕಾಲಿಟ್ಟರೆ ಹಳದಿ ಕಾರ್ಡ್. ಅದಕ್ಕಾಗಿ ಆಟ ನಿಲ್ಲಿಸಬೇಕಾಗಿ ಬಂದರೆ ಎದುರಾಳಿಗೆ ಪರೋಕ್ಷ ಫ್ರೀ ಕಿಕ್, ಅಂದರೆ ನೇರವಾಗಿ ಗೋಲು ಹೊಡೆಯಲಾಗದ ಒದೆತ. ವಿರಾಮದ ನಂತರ ತಂಡಗಳು ಬೆಂಚನ್ನೂ ಬದಲಿಸುತ್ತವೆ, ಅಂದರೆ ಬದಲಾವಣೆಯ ವಲಯ ಯಾವಾಗಲೂ ತಾವು ಕಾಯುವ ಅರ್ಧದಲ್ಲಿ. ನೀರಿನ ಬಾಟಲಿ, ಔಷಧಿ ಪೆಟ್ಟಿಗೆ ಹಳೇ ಬೆಂಚಿನಲ್ಲೇ ಉಳಿದು ಫಿಸಿಯೊ ಅಂಗಳ ಸುತ್ತಿ ಓಡುವುದು ಪ್ರತಿ ಟೂರ್ನಿಯ ಮೊದಲ ದಿನದ ದೃಶ್ಯ.

20 ನಿಮಿಷದ ಅರ್ಧ ಮುಗಿಯಲು ಅಷ್ಟು ಹೊತ್ತು ಯಾಕೆ?

ಚೆಂಡು ಆಟದಲ್ಲಿ ಇಲ್ಲದಾಗ ಗಡಿಯಾರ ನಿಲ್ಲುತ್ತದೆ. ಹಾಗಾಗಿ 20 ನಿಮಿಷ ಅಂದರೆ ಚೆಂಡು ಓಡಾಡಿದ ಅಪ್ಪಟ 20 ನಿಮಿಷ. ವಿರಾಮ 15 ನಿಮಿಷ ಮೀರುವಂತಿಲ್ಲ. ಎಲ್ಲ ಸೇರಿ ಪಂದ್ಯ ಒಂದೂಕಾಲರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಒಂದೇ ಹಾಲ್‌ನಲ್ಲಿ ದಿನಕ್ಕೆ ಮೂರು ಪಂದ್ಯ ಇಡುವವರು ಒಂದು ಪಂದ್ಯದ ಆರಂಭದಿಂದ ಮುಂದಿನದರ ಆರಂಭಕ್ಕೆ ಎರಡೂವರೆ ಗಂಟೆ ಬಿಡುವುದು ಒಳ್ಳೆಯದು. ಎರಡು ಗಂಟೆ ಬಿಟ್ಟರೆ ಮೊದಲ ಪಂದ್ಯ ಹೆಚ್ಚುವರಿ ಅವಧಿಗೆ ಹೋದ ದಿನ ಮೂರನೆಯ ಪಂದ್ಯದವರು ಕಾರಿಡಾರಿನಲ್ಲಿ ವಾರ್ಮ್‌ಅಪ್ ಮಾಡಬೇಕಾಗುತ್ತದೆ.

ಸಮಯ ತಿನ್ನುವ ನಾಟಕ ಇಲ್ಲಿ ನಡೆಯುವುದಿಲ್ಲ. ಬಿದ್ದು ಹೊರಳಾಡಿದರೆ ಗಡಿಯಾರವೂ ಜೊತೆಗೆ ಮಲಗಿರುತ್ತದೆ.

ಫಲಕದಲ್ಲಿ ಗೋಲಿನ ಪಕ್ಕ ಇನ್ನೊಂದು ಅಂಕಿ ಬರುತ್ತದಲ್ಲ, ಅದೇನು?

ಅದು ತಂಡ ಆ ಅರ್ಧದಲ್ಲಿ ಮಾಡಿದ ಫೌಲ್‌ಗಳ ಲೆಕ್ಕ. ಇಡೀ ಆಟದಲ್ಲಿ ಒಂದನ್ನು ಮಾತ್ರ ಕಲಿಯಲು ಸಮಯವಿದ್ದರೆ ಇದನ್ನೇ ಕಲಿಯಿರಿ.

ನೇರ ಫ್ರೀ ಕಿಕ್ ಅಥವಾ ಪೆನಾಲ್ಟಿ ಕೊಡುವಂಥ ಪ್ರತಿ ತಪ್ಪು ತಂಡದ ಖಾತೆಗೆ ಸೇರುತ್ತದೆ. ಮೊದಲ ಐದರವರೆಗೆ ಎದುರಾಳಿಯ ಫ್ರೀ ಕಿಕ್‌ಗೆ ಗೋಡೆ ಕಟ್ಟಬಹುದು. ಆರನೆಯದರಿಂದ ಗೋಡೆ ಇಲ್ಲ. ಗೋಲಿನಿಂದ 10 ಮೀಟರ್ ದೂರದ ಗುರುತಿನಿಂದ ಒಬ್ಬ ಒದೆಯುತ್ತಾನೆ, ಎದುರಿಗೆ ಕೀಪರ್ ಮಾತ್ರ, ಅವನೂ ಚೆಂಡಿಗೆ 5 ಮೀಟರ್‌ಗಿಂತ ಹತ್ತಿರ ಬರುವಂತಿಲ್ಲ. ಉಳಿದವರೆಲ್ಲ ಚೆಂಡಿನ ಹಿಂದೆ. ಒದೆಯುವವನು ಗೋಲಿಗೇ ಒದೆಯಬೇಕು, ಪಾಸ್ ಮಾಡುವಂತಿಲ್ಲ. ತಪ್ಪು ನಡೆದ ಜಾಗ 10 ಮೀಟರ್ ಗುರುತಿಗಿಂತ ಗೋಲಿಗೆ ಹತ್ತಿರವಿದ್ದು ಪೆನಾಲ್ಟಿ ವಲಯದ ಹೊರಗಿದ್ದರೆ ಅಲ್ಲಿಂದಲೇ ಒದೆಯುವುದೋ ಗುರುತಿಗೆ ಬರುವುದೋ ಎಂಬ ಆಯ್ಕೆ ದಾಳಿ ತಂಡದ್ದು. ಅರ್ಧದ ಸಮಯ ಮುಗಿದರೂ ಈ ಒದೆತಕ್ಕಾಗಿ ಅವಧಿ ವಿಸ್ತರಿಸುತ್ತಾರೆ.

ವಿರಾಮದಲ್ಲಿ ಲೆಕ್ಕ ಸೊನ್ನೆಗೆ ಬರುತ್ತದೆ. ಹೆಚ್ಚುವರಿ ಅವಧಿಯಲ್ಲಿ ಹಾಗಲ್ಲ, ದ್ವಿತೀಯಾರ್ಧದ ಲೆಕ್ಕವೇ ಮುಂದುವರಿಯುತ್ತದೆ. 38ನೇ ನಿಮಿಷದಲ್ಲಿ ಐದು ಫೌಲ್ ಹೊತ್ತುಕೊಂಡು 2–2ರಲ್ಲಿ ನಿಂತ ತಂಡ ಹೆಚ್ಚುವರಿ ಅವಧಿಯುದ್ದಕ್ಕೂ ಕಾಲು ಚಾಚಲು ಹೆದರಿಯೇ ಆಡಬೇಕು.

ಪ್ರೇಕ್ಷಕರು ಗೊಂದಲಪಡುವ ಕಡೆ ಎರಡಿವೆ. ಒಂದು, ಅಡ್ವಾಂಟೇಜ್: ರೆಫರಿ ಆಟ ಮುಂದುವರಿಸಿದರೂ ಫೌಲ್ ಲೆಕ್ಕಕ್ಕೆ ಸೇರುತ್ತದೆ, ಆದರೆ ಫಲಕದಲ್ಲಿ ಅಂಕಿ ಏರುವುದು ಆಟ ಮುಂದೆ ನಿಂತಾಗ. ‘ಏನೂ ಆಗದೆ ಫೌಲ್ ಹೇಗೆ ಬಂತು’ ಎಂಬ ಕೂಗು ಅದಕ್ಕೇ. ಇನ್ನೊಂದು, ನಾಲ್ಕು ಸೆಕೆಂಡಿನ ತಪ್ಪು (ಅದರ ವಿವರ ಮುಂದಿನ ಉತ್ತರದಲ್ಲಿದೆ), ವಾದ ಮಾಡಿದ್ದಕ್ಕೆ ಬಂದ ಕಾರ್ಡ್ ಇವು ಲೆಕ್ಕಕ್ಕೆ ಬರುವುದಿಲ್ಲ. ಐದನೆಯದು ಆದಾಗ ಟೈಮ್‌ಕೀಪರ್ ಮೇಜಿನ ಮೇಲೆ ಆ ತಂಡದ ಕಡೆಗೆ ಗುರುತು ಇಡುತ್ತಾನೆ. ಅನುಭವಿ ಕೋಚ್‌ಗಳು ಫಲಕ ನೋಡುವುದಿಲ್ಲ, ಅದನ್ನೇ ನೋಡುತ್ತಾರೆ.

ರೆಫರಿ ಕೈ ಎತ್ತಿ ಬೆರಳು ಬಿಡಿಸುವುದು ಯಾಕೆ?

ನಾಲ್ಕು ಸೆಕೆಂಡ್ ಎಣಿಸುತ್ತಿದ್ದಾರೆ. ಆಟ ಮತ್ತೆ ಶುರು ಮಾಡಲು ಸಿದ್ಧವಾದ ಕ್ಷಣದಿಂದ ನಾಲ್ಕು ಸೆಕೆಂಡ್ ಮಾತ್ರ ಅವಕಾಶ. ಮೀರಿದರೆ ಏನಾಗುತ್ತದೆ ಎಂಬುದು ಯಾವುದರಲ್ಲಿ ಮೀರಿದಿರಿ ಎಂಬುದರ ಮೇಲೆ: ಕಿಕ್-ಇನ್‌ನಲ್ಲಾದರೆ ಕಿಕ್-ಇನ್ ಎದುರಾಳಿಗೆ, ಕಾರ್ನರ್‌ನಲ್ಲಾದರೆ ಎದುರಾಳಿ ಕೀಪರ್‌ನ ಎಸೆತ, ಫ್ರೀ ಕಿಕ್ ಅಥವಾ ಕೀಪರ್ ಎಸೆತದಲ್ಲಾದರೆ ಪರೋಕ್ಷ ಫ್ರೀ ಕಿಕ್.

ಕೀಪರ್‌ಗೆ ಇನ್ನೊಂದು ಕಟ್ಟು ಇದೆ. ತನ್ನ ಅರ್ಧದಲ್ಲಿ ಚೆಂಡನ್ನು ಕೈಯಲ್ಲಾಗಲಿ ಕಾಲಲ್ಲಾಗಲಿ ನಾಲ್ಕು ಸೆಕೆಂಡ್‌ಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಬಿಟ್ಟ ಮೇಲೆ ಎದುರಾಳಿ ಮುಟ್ಟುವವರೆಗೆ ತನ್ನ ಅರ್ಧದಲ್ಲಿ ಮತ್ತೆ ಮುಟ್ಟುವಂತಿಲ್ಲ. ಹನ್ನೊಂದು ಜನರ ಫುಟ್‌ಬಾಲ್‌ನಿಂದ ನೇರ ಬಂದ ಕೀಪರ್‌ಗಳು ಇದನ್ನು ಮೈಗೂಡಿಸಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಒತ್ತಡದಲ್ಲಿ ಸಿಕ್ಕ ಡಿಫೆಂಡರ್ ಅಭ್ಯಾಸಬಲದಿಂದ ಹಿಂದಕ್ಕೆ ಕೊಡುತ್ತಾನೆ, ಕೀಪರ್ ಅಭ್ಯಾಸಬಲದಿಂದ ಒದೆಯುತ್ತಾನೆ, ಶಿಳ್ಳೆ ಊದುತ್ತದೆ. ಪರೋಕ್ಷ ಫ್ರೀ ಕಿಕ್ ಪೆನಾಲ್ಟಿ ವಲಯದ ಗೆರೆಯ ಮೇಲಿಂದ, ಅಂದರೆ ಗೋಲಿಗೆ ಸುಮಾರು 6 ಮೀಟರ್. ಹೊಸ ತಂಡಗಳು ಬಿಟ್ಟುಕೊಡುವ ಅತ್ಯಂತ ಅಗ್ಗದ ಗೋಲು ಇದು.

ಕೊನೆಯ ನಿಮಿಷಗಳಲ್ಲಿ ಕೀಪರ್ ಅಂಗಿ ತೊಟ್ಟವನು ಮಧ್ಯದ ಗೆರೆ ದಾಟಿ ಬರುತ್ತಾನಲ್ಲ?

ಅದು ಪವರ್‌ಪ್ಲೇ. ಹಿಂದೆ ಬಿದ್ದ ತಂಡ ಕೀಪರ್‌ನನ್ನು ಹೊರಗೆ ಕರೆಸಿ, ಕಾಲಿನಲ್ಲಿ ಚೆಂಡು ನಿಲ್ಲಿಸಬಲ್ಲ ಆಟಗಾರನಿಗೆ ಕೀಪರ್ ಬಣ್ಣದ ಅಂಗಿ ತೊಡಿಸಿ ಕಳಿಸುತ್ತದೆ. ದಾಳಿಯಲ್ಲಿ ಐವರು, ಕಾಯಲು ನಾಲ್ವರು. ಆ ಅಂಗಿಯ ಮೇಲೆ ಅವನದೇ ಸಂಖ್ಯೆ ಕಾಣಬೇಕು. ಅದಕ್ಕೇ ತಂಡಗಳು ಬೆನ್ನಿನ ಮೇಲೆ ಚೌಕ ಕತ್ತರಿಸಿದ ಕೀಪರ್ ಅಂಗಿ ಒಂದನ್ನು ಇಟ್ಟುಕೊಂಡಿರುತ್ತವೆ. ಒಳಗಿನ ಅಂಗಿಯ ಸಂಖ್ಯೆ ಕಿಟಕಿಯಿಂದ ಇಣುಕುತ್ತದೆ. ಅದನ್ನು ಹೋಟೆಲಿನಲ್ಲಿ ಮರೆತು ಬಂದ ತಂಡ 3–4ರಲ್ಲಿ ಹಿಂದಿದ್ದಾಗ ಟೇಪು, ಕತ್ತರಿ ಹುಡುಕುತ್ತಿರುತ್ತದೆ.

ಅಪಾಯ ಎಲ್ಲರಿಗೂ ಕಾಣುವಂಥದ್ದೇ: ಒಂದು ಪಾಸ್ ಕಳೆದುಕೊಂಡರೆ ಎದುರಾಳಿ ತನ್ನ ಅರ್ಧದಿಂದಲೇ ಖಾಲಿ ಗೋಲಿಗೆ ಒದೆಯುತ್ತಾನೆ. 4–3 ಇದ್ದದ್ದು 6–3 ಆಗಿ ಮುಗಿಯುವುದು ಹೀಗೆ. ಆದ್ದರಿಂದ ಫುಟ್ಸಾಲ್‌ನ ಗೋಲು ಅಂತರ ನೋಡಿ ಪಂದ್ಯ ಏಕಪಕ್ಷೀಯ ಎಂದು ತೀರ್ಮಾನಿಸಬೇಡಿ.

ಕೆಂಪು ಕಾರ್ಡ್ ಬಂದರೆ ಕೊನೆಯವರೆಗೆ ನಾಲ್ವರೇ ಆಡಬೇಕೆ?

ಇಲ್ಲ. ಕಾರ್ಡ್ ಪಡೆದವನು ಮರಳುವುದಿಲ್ಲ, ಬೆಂಚಿನಲ್ಲೂ ಕೂರುವಂತಿಲ್ಲ. ಆದರೆ ಗಡಿಯಾರದ ಲೆಕ್ಕದ ಎರಡು ನಿಮಿಷ ಕಳೆದ ಮೇಲೆ ಅವನ ಬದಲಿಗೆ ಇನ್ನೊಬ್ಬ ಬರಬಹುದು. ಐವರು ನಾಲ್ವರ ಎದುರು ಆಡುತ್ತಿರುವಾಗ ಹೆಚ್ಚು ಜನರಿರುವ ತಂಡ ಗೋಲು ಹೊಡೆದರೆ ಎರಡು ನಿಮಿಷ ಕಾಯದೆಯೇ ಬರಬಹುದು. ಎರಡೂ ಕಡೆ ನಾಲ್ವರೇ ಇದ್ದಾಗ ಗೋಲಾದರೆ ಯಾರಿಗೂ ಆಟಗಾರ ಸೇರುವುದಿಲ್ಲ. ಕಡಿಮೆ ಜನರಿರುವ ತಂಡವೇ ಗೋಲು ಹೊಡೆದರೂ ಅದರ ಶಿಕ್ಷೆ ಮುಗಿಯುವುದಿಲ್ಲ. ಈ ಮೂರನ್ನು ಮೇಜಿನವರು ಬಾಯಿಪಾಠ ಮಾಡಿರಬೇಕು, ಯಾಕೆಂದರೆ ಕಾರ್ಡ್ ಬಂದ ಗದ್ದಲದಲ್ಲಿ ಪುಸ್ತಕ ತೆರೆಯಲು ಪುರುಸೊತ್ತು ಇರುವುದಿಲ್ಲ.

ಬಜರ್ ಹೊಡೆದ ಮೇಲೆ ಗೋಲಿಗೆ ಹೊಕ್ಕ ಚೆಂಡು ಗೋಲೇ?

ಬಜರ್‌ಗೆ ಮುಂಚೆ ಗೋಲಿನತ್ತ ಒದ್ದಿದ್ದರೆ ರೆಫರಿ ಆ ಒದೆತದ ಫಲ ತಿಳಿಯುವವರೆಗೆ ಕಾಯಬೇಕು. ಹಾಗೇ ಒಳಗೆ ಹೋದರೆ ಗೋಲು. ಕೀಪರ್‌ಗೆ, ಕಂಬಕ್ಕೆ, ಕಾಯುವ ಆಟಗಾರನಿಗೆ ತಾಗಿ ಒಳಗೆ ಹೋದರೂ ಗೋಲು. ಒದ್ದವನ ತಂಡದ ಇನ್ನೊಬ್ಬ ಮುಟ್ಟಿದರೆ ಅಲ್ಲ. ಬ್ಯಾಸ್ಕೆಟ್‌ಬಾಲ್ ನೋಡಿ ಅಭ್ಯಾಸವಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ.

ಟೈಮ್‌ಔಟ್ ಎಷ್ಟು?

ಅರ್ಧಕ್ಕೆ ಒಂದು, ಒಂದು ನಿಮಿಷದ್ದು. ಮೊದಲಾರ್ಧದಲ್ಲಿ ಬಳಸದಿದ್ದರೆ ಅದು ಹೋಯಿತು, ಉಳಿತಾಯ ಖಾತೆ ಇಲ್ಲ. ಹೆಚ್ಚುವರಿ ಅವಧಿಯಲ್ಲಿ ಇಲ್ಲವೇ ಇಲ್ಲ. ಕೇಳಿದ ಕೂಡಲೇ ಸಿಗುವುದೂ ಇಲ್ಲ. ಚೆಂಡು ಹೊರಗೆ ಹೋಗಿ, ಆಟ ಶುರು ಮಾಡುವ ಸರದಿ ಕೇಳಿದ ತಂಡದ್ದೇ ಆಗಿರಬೇಕು.

ಯಾವ ಹಾಲ್ ಆಗುತ್ತದೆ? ಬ್ಯಾಸ್ಕೆಟ್‌ಬಾಲ್ ಅಂಗಳ ಸಾಕೆ?

ಸಾಲದು. ಅಂತರರಾಷ್ಟ್ರೀಯ ಪಂದ್ಯಕ್ಕೆ ಉದ್ದ 38ರಿಂದ 42 ಮೀಟರ್, ಅಗಲ 20ರಿಂದ 25 ಮೀಟರ್ ಬೇಕು. ಬ್ಯಾಸ್ಕೆಟ್‌ಬಾಲ್ ಅಂಗಳ 28ಕ್ಕೆ 15. ‘ದೊಡ್ಡ ಒಳಾಂಗಣ ಇದೆ’ ಎಂದು ಬಂದ ಪ್ರಸ್ತಾವವನ್ನು ಟೇಪು ಹಿಡಿದು ಅಳೆಯದೆ ಒಪ್ಪಿಕೊಳ್ಳಬೇಡಿ, ಗೆರೆಯ ಹೊರಗೆ ಬೆಂಚು, ಮೇಜು, ಜಾಹೀರಾತು ಫಲಕಗಳಿಗೂ ಜಾಗ ಬೇಕು. ಚಾವಣಿ ಕನಿಷ್ಠ 4 ಮೀಟರ್. ನಿಜಕ್ಕೂ ಅಷ್ಟೇ ಇದ್ದರೆ ಕೀಪರ್‌ನ ಎಸೆತಗಳೆಲ್ಲ ಮಾಡಿಗೆ ತಾಗುತ್ತವೆ.

ಹೇಳಿ ಮಾಡಿಸಿದ್ದು ಹ್ಯಾಂಡ್‌ಬಾಲ್ ಅಂಗಳ. ಅದು 40ಕ್ಕೆ 20, ಗೋಲು ಎರಡಕ್ಕೂ 3 ಮೀಟರ್ ಅಗಲ 2 ಮೀಟರ್ ಎತ್ತರ, ಕಂಬದ ದಪ್ಪ 8 ಸೆಂಟಿಮೀಟರ್. ಆದರೆ ಗೆರೆ ಹಾಗೇ ಬಳಸಿದರೆ ತಪ್ಪಾಗುತ್ತದೆ. ಹ್ಯಾಂಡ್‌ಬಾಲ್‌ನ 6 ಮೀಟರ್ ಕಮಾನನ್ನು ಕಂಬದ ಒಳ ಅಂಚಿನಿಂದ ಅಳೆಯುತ್ತಾರೆ, ನಡುವಿನ ನೇರ ಗೆರೆ 3 ಮೀಟರ್. ಫುಟ್ಸಾಲ್‌ನಲ್ಲಿ ಕಂಬದ ಹೊರ ಅಂಚಿನಿಂದ ಅಳೆಯಬೇಕು, ನೇರ ಗೆರೆ 3.16 ಮೀಟರ್. ಎರಡು ಕಂಬದ ಎಂಟೆಂಟು ಸೆಂಟಿಮೀಟರ್ ಸೇರಿ ಆ 16 ಬಂದದ್ದು. ಗೆರೆಯ ದಪ್ಪವೂ ಬೇರೆ: ಇಲ್ಲಿ 8, ಅಲ್ಲಿ ಗೋಲು ಕಂಬಗಳ ನಡುವೆ ಬಿಟ್ಟರೆ 5. ಹಳೆಯ ಗೆರೆ ಮುಚ್ಚಿ, ಹೊಸದನ್ನು ಒಂದೇ ಬಣ್ಣದ ಟೇಪಿನಲ್ಲಿ ಹಾಕಿಸಿ. ವಾಲಿಬಾಲ್, ಬ್ಯಾಡ್ಮಿಂಟನ್ ಗೆರೆಗಳ ಜಾಲದ ನಡುವೆ ಪೆನಾಲ್ಟಿ ವಲಯ ಎಲ್ಲಿ ಮುಗಿಯಿತು ಎಂದು ರೆಫರಿಗೇ ತಿಳಿಯದಿದ್ದರೆ ಕೀಪರ್ ಕೈಯಲ್ಲಿ ಚೆಂಡು ಹಿಡಿದ ಪ್ರತಿ ಸಲ ತಕರಾರು.

ಗೋಲನ್ನು ನೆಲಕ್ಕೆ ಬೋಲ್ಟ್ ಹಾಕಬಾರದು. ಹಿಂಬದಿಗೆ ಭಾರ ಇಟ್ಟು, ಮುಗುಚದಂತೆ, ಆದರೆ ಆಟಗಾರ ಅಪ್ಪಳಿಸಿದರೆ ತುಸು ಸರಿಯುವಂತೆ ಇರಬೇಕು.

ನೆಲದ ದೊಡ್ಡ ಶತ್ರು ತೇವ. ಹೊರಗಿನ ಆರ್ದ್ರ ಗಾಳಿ ತಣ್ಣನೆಯ ನೆಲ ಮುಟ್ಟಿದರೆ ಕಣ್ಣಿಗೆ ಕಾಣದ ಪದರ ಕೂರುತ್ತದೆ. ಅಂಗೈ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಜನ ತುಂಬಿದಾಗ ಬಾಗಿಲು ತೆರೆದಿಟ್ಟರೆ ಇನ್ನೂ ಕೆಡುತ್ತದೆ. ಹವಾನಿಯಂತ್ರಣವನ್ನು ಪಂದ್ಯಕ್ಕೆ ಹತ್ತು ನಿಮಿಷ ಮುಂಚೆ ಅಲ್ಲ, ಬೆಳಿಗ್ಗೆಯಿಂದಲೇ ನಡೆಸಿ. ಬೆವರು ಒರೆಸಲು ಎರಡೂ ಗೋಲಿನ ಹಿಂದೆ ಒಣ ಮಾಪು ಹಿಡಿದ ಇಬ್ಬರಿರಲಿ. ಒದ್ದೆ ಮಾಪು ಬೇಡ.

ಚೆಂಡು ಪುಟಿಯುತ್ತಲೇ ಇಲ್ಲ. ಗಾಳಿ ಕಡಿಮೆಯೆ?

ಅದು ಇರುವುದೇ ಹಾಗೆ. ಸುತ್ತಳತೆ 62ರಿಂದ 64 ಸೆಂಟಿಮೀಟರ್, ತೂಕ 400ರಿಂದ 440 ಗ್ರಾಂ. 2 ಮೀಟರ್ ಎತ್ತರದಿಂದ ಬಿಟ್ಟರೆ ಮೊದಲ ಪುಟಿತ 50ರಿಂದ 65 ಸೆಂಟಿಮೀಟರ್ ಮಾತ್ರ ಇರಬೇಕು. ಗೋಡೆಗೆ 65 ಸೆಂಟಿಮೀಟರಿನಲ್ಲಿ ಒಂದು ಟೇಪು ಅಂಟಿಸಿ ಪ್ರತಿ ಚೆಂಡನ್ನೂ ಬಿಟ್ಟು ನೋಡಿ, ಎರಡು ನಿಮಿಷದ ಕೆಲಸ. ‘ಸತ್ತಿದೆ’ ಎಂದು ಯಾರೋ ಗಾಳಿ ತುಂಬಿದ ಚೆಂಡು ಅಲ್ಲೇ ಸಿಕ್ಕಿಬೀಳುತ್ತದೆ.

ಎಷ್ಟು ತಂಡಕ್ಕೆ ಎಷ್ಟು ಪಂದ್ಯ, ಎಷ್ಟು ದಿನ?

ಎಲ್ಲರೂ ಎಲ್ಲರೊಡನೆ ಒಮ್ಮೆ ಆಡುವ ಲೀಗ್ ಆದರೆ 4 ತಂಡಕ್ಕೆ 6 ಪಂದ್ಯ, 5ಕ್ಕೆ 10, 6ಕ್ಕೆ 15, 7ಕ್ಕೆ 21. ಬೆಸ ಸಂಖ್ಯೆಯಾದರೆ ಪ್ರತಿ ಸುತ್ತಿನಲ್ಲಿ ಒಬ್ಬರಿಗೆ ಬಿಡುವು. ಏಳು ತಂಡ, ಒಂದೇ ಹಾಲ್, ದಿನಕ್ಕೆ ಮೂರು ಪಂದ್ಯ ಅಂದರೆ ವಿಶ್ರಾಂತಿ ದಿನವಿಲ್ಲದೆ ಏಳು ದಿನ. ಪ್ರತಿ ತಂಡಕ್ಕೂ ಆರು ಪಂದ್ಯ. ಕಾಲು ಸೋಲುವುದು ನಾಲ್ಕನೆಯದರಿಂದ. ನಡುವೆ ಒಂದೆರಡು ದಿನ ಖಾಲಿ ಬಿಡುವುದು ಕರುಣೆಯಲ್ಲ, ಅವಶ್ಯಕತೆ. 8 ತಂಡಗಳಾದರೆ ನಾಲ್ಕರ ಎರಡು ಗುಂಪು, ಸೆಮಿಫೈನಲ್, ಮೂರನೇ ಸ್ಥಾನದ ಪಂದ್ಯ, ಫೈನಲ್ ಸೇರಿ 16.

ಅಂಕ ಸಮ ಆದರೆ ಯಾರು ಮೇಲೆ?

ಟೂರ್ನಿಯ ನಿಯಮಾವಳಿಯಲ್ಲಿ ಏನು ಬರೆದಿದೆಯೋ ಅದರಂತೆ. ಇದು ಜಾರಿಕೆಯ ಉತ್ತರ ಅಲ್ಲ. ಬರೆದ ಕ್ರಮ ಬದಲಾದರೆ ಕಪ್ಪೇ ಕೈ ಬದಲಾಗುತ್ತದೆ. ಲೆಕ್ಕ ಮಾಡಿಯೇ ನೋಡೋಣ.

ನಾಲ್ಕು ತಂಡ: ಅ, ಬ, ಕ, ಡ. ಫೈನಲ್ ಇಲ್ಲದ ಲೀಗ್, ಮೊದಲ ಸ್ಥಾನದವರಿಗೆ ಕಪ್. ಅ ತಂಡ ಬ ತಂಡವನ್ನು 3–1ರಿಂದ, ಬ ತಂಡ ಕ ತಂಡವನ್ನು 4–1ರಿಂದ, ಕ ತಂಡ ಅ ತಂಡವನ್ನು 2–1ರಿಂದ ಸೋಲಿಸಿತು. ಡ ಎಲ್ಲರಿಗೂ ಸೋತಿತು: ಅ ಎದುರು 0–9, ಬ ಎದುರು 0–2, ಕ ಎದುರು 1–5. ಮೂವರಿಗೂ 6 ಅಂಕ.

ಒಟ್ಟು ಗೋಲು ವ್ಯತ್ಯಾಸ ಮೊದಲು ಎಂದು ಬರೆದಿದ್ದರೆ: ಅ 13 ಹೊಡೆದು 3 ಬಿಟ್ಟುಕೊಟ್ಟು +10. ಬ 7ಕ್ಕೆ 4, +3. ಕ 8ಕ್ಕೆ 6, +2. ಕಪ್ ಅ ತಂಡಕ್ಕೆ.

ಸಮ ಅಂಕದವರ ನಡುವಿನ ಪಂದ್ಯಗಳು ಮೊದಲು ಎಂದಿದ್ದರೆ ಡ ತಂಡದ ಪಂದ್ಯಗಳನ್ನು ಬದಿಗಿಡಬೇಕು. ಆಗ ಮೂವರಿಗೂ ಮೂರು ಮೂರು ಅಂಕ. ಅ 4ಕ್ಕೆ 3, +1. ಬ 5ಕ್ಕೆ 4, +1. ಕ 3ಕ್ಕೆ 5, –2. ಮುಂದಿನ ಮೆಟ್ಟಿಲು ಆ ಪಂದ್ಯಗಳಲ್ಲಿ ಹೊಡೆದ ಗೋಲು ಎಂದಿದ್ದರೆ ಐದು ಹೊಡೆದ ಬ ಚಾಂಪಿಯನ್. ಅದರ ಬದಲು, ಸಮ ಉಳಿದ ಇಬ್ಬರ ನಡುವಿನ ಪಂದ್ಯವನ್ನು ಮೊದಲು ನೋಡಿ ಎಂದಿದ್ದರೆ, 3–1ರಿಂದ ಗೆದ್ದ ಅ.

ಅವೇ ಆರು ಪಂದ್ಯ, ಅವೇ ಗೋಲು, ಮೂರು ಓದು. ತಂಡದ ಮ್ಯಾನೇಜರ್ ಈ ಪುಟವನ್ನು ವಿಮಾನ ಹತ್ತುವ ಮುಂಚೆಯೇ ಓದಿ ಕೋಚ್‌ಗೆ ಹೇಳಿರಬೇಕು. ಯಾಕೆಂದರೆ ಮೊದಲ ಕ್ರಮವಿದ್ದರೆ ದುರ್ಬಲ ತಂಡದ ಎದುರು 5–0 ಆದ ಮೇಲೂ ದಾಳಿ ನಿಲ್ಲಿಸಬಾರದು. ಎರಡನೆಯದಿದ್ದರೆ ಮುಖ್ಯ ಆಟಗಾರರನ್ನು ಕೂರಿಸಿ ನಾಳೆಗೆ ಉಳಿಸಬಹುದು. ಯಾವ ಕ್ರಮ ಆಟಕ್ಕೆ ನ್ಯಾಯ ಎಂದು ಕೇಳಿದರೆ, ನಾವು ಎರಡನೆಯದರ ಕಡೆ. ಹೊಸದಾಗಿ ಬಂದ ನೆರೆಯವರ ಮೇಲೆ ಗೋಲು ಪೇರಿಸುವ ಪೈಪೋಟಿಯಿಂದ ಆಟಕ್ಕೆ ಏನೂ ಸಿಗುವುದಿಲ್ಲ.

ಕೊನೆಯ ಸುತ್ತಿನ ಪಂದ್ಯಗಳನ್ನು ಒಟ್ಟಿಗೇ ಆಡಿಸುವುದಿಲ್ಲವೆ?

ಹಾಲ್ ಒಂದೇ ಇದ್ದರೆ ಹೇಗೆ ಆಡಿಸುತ್ತೀರಿ? ಸಂಜೆ ಆಡುವವರಿಗೆ ಮಧ್ಯಾಹ್ನದ ಫಲಿತಾಂಶ ಗೊತ್ತಿರುತ್ತದೆ. ‘ಡ್ರಾ ಆದರೆ ಇಬ್ಬರೂ ಮೇಲೆ’ ಎಂಬ ಸ್ಥಿತಿ ಬಂದರೆ ಕೊನೆಯ ಐದು ನಿಮಿಷ ಚೆಂಡು ಹಿಂದೆ ಮುಂದೆ ಓಡಾಡುತ್ತದೆ. ಪರಿಹಾರ ಎರಡು: ಕೊನೆಯ ದಿನಕ್ಕೆ ಎರಡನೇ ಹಾಲ್, ಅಥವಾ ಲೀಗ್ ನಂತರ ಫೈನಲ್.

ನಾಕೌಟ್ ಪಂದ್ಯ ಸಮ ಆದರೆ?

ಸಾಮಾನ್ಯವಾಗಿ ಐದೈದು ನಿಮಿಷದ ಹೆಚ್ಚುವರಿ ಅವಧಿ, ಆಮೇಲೆ 6 ಮೀಟರ್‌ನಿಂದ ತಂಡಕ್ಕೆ ಐದು ಪೆನಾಲ್ಟಿ. ಅಂಗಳದಲ್ಲಿದ್ದವರಷ್ಟೇ ಅಲ್ಲ, ಬೆಂಚಿನವರೂ ಒದೆಯಬಹುದು. ಒಂದು ತಂಡದಲ್ಲಿ ಜನ ಹೆಚ್ಚಿದ್ದರೆ ಸಮ ಮಾಡಿಕೊಳ್ಳಬೇಕು. 2022ರ ಆಗ್ನೇಯ ಏಷ್ಯಾ ಫೈನಲ್‌ನಲ್ಲಿ ಇಂಡೊನೇಷ್ಯಾ ಎದುರು ಥಾಯ್ಲೆಂಡ್ ಕಪ್ ಉಳಿಸಿಕೊಂಡದ್ದು ಪೆನಾಲ್ಟಿಯಲ್ಲೇ.

ಹನ್ನೊಂದು ಜನರ ಫುಟ್‌ಬಾಲ್ ಆಡುವವರು ಆಡಬಹುದೆ? ಎರಡು ದೇಶದ ಪೌರತ್ವ ಇರುವವರು?

ಮೊದಲನೆಯದಕ್ಕೆ ಅಡ್ಡಿಯಿಲ್ಲ. ಎರಡನೆಯದು ಸೂಕ್ಷ್ಮ. ಒಂದು ದೇಶದ ಪರ ಅಧಿಕೃತ ಸ್ಪರ್ಧೆಯಲ್ಲಿ ಆಡಿದವನು ಇನ್ನೊಂದು ದೇಶಕ್ಕೆ ಹಾಗೇ ಹಾರುವಂತಿಲ್ಲ; ಫಿಫಾ ನಿಯಮ ಇದನ್ನು ಎಲ್ಲ ಬಗೆಯ ಫುಟ್‌ಬಾಲ್‌ಗೂ ಅನ್ವಯಿಸುತ್ತದೆ. ಅಂದರೆ ಫುಟ್ಸಾಲ್ ಕೂಟದಲ್ಲಿ ಎರಡು ನಿಮಿಷ ಆಡಿದ್ದು ಮುಂದೆ ಹುಲ್ಲಿನಂಗಳದ ತಂಡ ಆರಿಸುವಾಗಲೂ ಎದುರು ನಿಲ್ಲಬಹುದು. ಸೌಹಾರ್ದ ಪಂದ್ಯ ಹೀಗೆ ಕಟ್ಟಿಹಾಕುವುದಿಲ್ಲ. ವಿನಾಯಿತಿ ಇದೆ: ಹಿರಿಯರ ತಂಡದಲ್ಲಿ ಮೂರಕ್ಕಿಂತ ಹೆಚ್ಚು ಪಂದ್ಯ ಆಡಿರಬಾರದು, ಅವನ್ನು 21 ತುಂಬುವ ಮುಂಚೆ ಆಡಿರಬೇಕು, ಆಮೇಲೆ ಮೂರು ವರ್ಷ ಕಳೆದಿರಬೇಕು, ವಿಶ್ವಕಪ್ ಅಥವಾ ಖಂಡದ ಅಂತಿಮ ಕೂಟದಲ್ಲಿ ಆಡಿರಬಾರದು, ಮೊದಲ ಪಂದ್ಯದ ವೇಳೆಗೇ ಹೊಸ ದೇಶದ ಪೌರತ್ವವೂ ಇದ್ದಿರಬೇಕು. ಗಡಿಯಾಚೆ ನೆಂಟರಿರುವ ಪ್ರದೇಶಗಳಲ್ಲಿ ಇಂಥ ಆಟಗಾರರು ಸಿಗುತ್ತಲೇ ಇರುತ್ತಾರೆ. ಪಟ್ಟಿ ಕಳಿಸುವ ಮುಂಚೆ ಕೇಳಿ, ಪಂದ್ಯ ಗೆದ್ದ ಮೇಲೆ ಅಲ್ಲ.

ಕ್ಲಬ್‌ಗಳು ಆಟಗಾರರನ್ನು ಬಿಡಲೇಬೇಕೆ?

ಫಿಫಾದ ಅಂತರರಾಷ್ಟ್ರೀಯ ಫುಟ್ಸಾಲ್ ಕ್ಯಾಲೆಂಡರ್‌ನಲ್ಲಿ ರಾಷ್ಟ್ರೀಯ ತಂಡಗಳಿಗೆ ಮೀಸಲಿಟ್ಟ ದಿನಗಳೊಳಗಾದರೆ ಬಿಡಬೇಕು. ಪ್ರಾದೇಶಿಕ ಕೂಟಗಳು ಎಷ್ಟೋ ಸಲ ಅದರ ಹೊರಗೆ ಬೀಳುತ್ತವೆ. ಆಗ ಕ್ಲಬ್‌ನ ಮನಸ್ಸು. ಬಲಿಷ್ಠ ದೇಶ ಎರಡನೇ ದರ್ಜೆಯ ತಂಡ ಕಳಿಸಿದೆ ಎಂದು ಬೈಯುವ ಮುಂಚೆ ದಿನಾಂಕ ನೋಡಿ.

ಮೇಜಿನ ಮೇಲೆ ಏನೇನಿರಬೇಕು?

ನಿಲ್ಲಿಸಿ ಓಡಿಸಬಲ್ಲ ಫಲಕದ ಗಡಿಯಾರ, ಅದು ಕೈಕೊಟ್ಟರೆ ಎರಡು ಕೈಗಡಿಯಾರ, ಎರಡು ನಿಮಿಷದ ಶಿಕ್ಷೆಗೆ ಬೇರೆ ಗಡಿಯಾರಗಳು, ರೆಫರಿ ಶಿಳ್ಳೆಗಿಂತ ಬೇರೆ ದನಿಯ ಬಜರ್, ಟೈಮ್‌ಔಟ್ ಗುರುತು, ಐದನೇ ಫೌಲ್ ಗುರುತು, ಬರೆಯುವ ಹಾಳೆ. ಜನ: ಟೈಮ್‌ಕೀಪರ್ ಮತ್ತು ಮೂರನೇ ರೆಫರಿ. ಅಂಗಳದಲ್ಲಿ ಇಬ್ಬರು ರೆಫರಿ ಬೇರೆ.

ಎಡವಟ್ಟು ಆಗುವುದು ಹೆಚ್ಚಾಗಿ ಫಲಕದಲ್ಲಿ. ಬ್ಯಾಸ್ಕೆಟ್‌ಬಾಲ್‌ಗೆ ಹೊಂದಿಸಿದ ಫಲಕ 10 ನಿಮಿಷಕ್ಕೆ ತಾನೇ ಬಜರ್ ಹೊಡೆದುಬಿಡುತ್ತದೆ. ಹಿಂದಿನ ದಿನವೇ 20 ನಿಮಿಷ ಪೂರ್ತಿ ಓಡಿಸಿ ನೋಡಿ. ಎರಡನೆಯದು, ಮೇಜಿನವನು ಆಟ ನೋಡುತ್ತಾ ಮೈಮರೆತು ಗಡಿಯಾರ ಓಡಿಸುವುದನ್ನು ಮರೆಯುವುದು. ಅದಕ್ಕೇ ಮೂರನೇ ರೆಫರಿ ಪ್ರತಿ ಆರಂಭಕ್ಕೂ ಅಂಕಿ ಕದಲಿತೇ ಎಂದು ನೋಡಬೇಕು, ಹಾಳೆಯಲ್ಲಿ ಪ್ರತಿ ಫೌಲ್‌ಗೂ ಸಮಯ ಬರೆಯಬೇಕು. ಆರನೇ ಫೌಲ್ ಬಗ್ಗೆ ತಕರಾರು ಎದ್ದಾಗ ‘14:32, 8ನೇ ಸಂಖ್ಯೆ’ ಎಂಬ ಒಂದು ಸಾಲು ಹತ್ತು ಜನರ ಬಾಯಿ ಮುಚ್ಚಿಸುತ್ತದೆ.

ವಿಡಿಯೊ ನೋಡಿ ತೀರ್ಪು ಕೊಡುತ್ತಾರೆಯೆ?

2021ರ ಲಿಥುವೇನಿಯಾ ವಿಶ್ವಕಪ್‌ನಲ್ಲಿ ವಿಡಿಯೊ ಸಪೋರ್ಟ್ ಬಂತು. ಕೋಚ್ ಕೋರಿದರೆ ರೆಫರಿಯೇ ಬಂದು ಪರದೆ ನೋಡುತ್ತಾರೆ. ಪ್ರಾದೇಶಿಕ ಕೂಟದಲ್ಲಿ ಇದೆಯೇ ಎಂಬುದು ಆತಿಥೇಯರ ಕ್ಯಾಮೆರಾ, ದುಡ್ಡಿನ ಮಾತು.

ಮಹಿಳೆಯರಿಗೂ ಇದೆಯೆ?

ಇದೆ, ನಿಯಮ ಒಂದೇ. ಫಿಫಾದ ಮೊದಲ ಮಹಿಳಾ ಫುಟ್ಸಾಲ್ ವಿಶ್ವಕಪ್ 2025ರಲ್ಲಿ ಫಿಲಿಪೀನ್ಸ್‌ನಲ್ಲಿ ನಡೆದು, ಪೋರ್ಚುಗಲ್ ವಿರುದ್ಧ ಬ್ರೆಜಿಲ್ ಗೆದ್ದಿತು.

ಹಾಲ್‌ನಲ್ಲಿ ಎಲ್ಲಿ ಕೂತರೆ ಚೆನ್ನ?

ಬೆಂಚುಗಳ ಎದುರು ಬದಿ, ನಡುಗೆರೆಯ ನೇರಕ್ಕೆ, ಏಳೆಂಟು ಸಾಲು ಮೇಲೆ. ಅಲ್ಲಿಂದ ಬದಲಾವಣೆಗಳು, ಮೇಜಿನ ಮೇಲಿನ ಐದನೇ ಫೌಲ್ ಗುರುತು, ಟೈಮ್‌ಔಟ್ ಕೇಳಲು ಎದ್ದ ಕೋಚ್ ಎಲ್ಲ ಕಾಣುತ್ತದೆ. ಗೋಲಿನ ಹಿಂದೆ ಕೂರುವುದಾದರೆ ಬಲೆ ಇದೆಯೇ ನೋಡಿಕೊಳ್ಳಿ. 10 ಮೀಟರ್ ಗುರುತಿನಿಂದ ಗೋಲು ತಪ್ಪಿ ಬರುವ ಚೆಂಡು ಮೈಗೆ ಮೆತ್ತಗೆ ತಾಗುವಂಥದ್ದಲ್ಲ.